ಸರ್ಕಾರಿ ಜಾಲತಾಣ ವಿಕಲಚೇತನರ ಕೈಗೂ ಎಟುಕಬೇಕಾದರೆ: ವೆಬ್ ವಿನ್ಯಾಸಕಾರರನ್ನು ನೇಮಿಸಿಕೊಳ್ಳುವ ಇಲಾಖೆಗಳಿಗೆ ಸಮಗ್ರ ಮಾರ್ಗದರ್ಶಿ

ಇಲಾಖೆಯ ಜಾಲತಾಣವನ್ನು ಹೊಸದಾಗಿ ಕಟ್ಟಿಸಲು ಕರೆಯುವ ಟೆಂಡರ್ ದಾಖಲೆಯನ್ನು ತಿರುವಿ ಹಾಕಿದರೆ, ಎಲ್ಲೋ ಒಂದು ಮೂಲೆಯಲ್ಲಿ ‘ಜಾಲತಾಣವು ಜಿಐಜಿಡಬ್ಲ್ಯು ಮಾರ್ಗಸೂಚಿಗಳಿಗೆ ಅನುಗುಣವಾಗಿರತಕ್ಕದ್ದು’ ಎಂಬ ಒಂದು ಸಾಲು ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. (ಜಿಐಜಿಡಬ್ಲ್ಯು ಎಂದರೆ ಸರ್ಕಾರಿ ಜಾಲತಾಣಗಳಿಗೆ ಭಾರತ ಸರ್ಕಾರ ರೂಪಿಸಿದ ಮಾರ್ಗಸೂಚಿ.) ಬಿಡ್‌ದಾರರೆಲ್ಲರೂ ಅದರ ಮುಂದೆ ‘ಒಪ್ಪಿದೆ’ ಎಂದು ಬರೆಯುತ್ತಾರೆ, ತಾಣದ ಉದ್ಘಾಟನೆಯಾಗುತ್ತದೆ, ಮುಖಪುಟದಲ್ಲಿ ಭಾವಚಿತ್ರಗಳು ಸರಿದಾಡುತ್ತವೆ. ದೃಷ್ಟಿಯಿಲ್ಲದ ಅರ್ಜಿದಾರ ಮಾತ್ರ ಮೊದಲಿನಂತೆಯೇ ಸೈಬರ್ ಸೆಂಟರಿನ ಹುಡುಗನಿಗೆ ತನ್ನ ಪಾಸ್‌ವರ್ಡ್ ಹೇಳಿ ಅರ್ಜಿ ತುಂಬಿಸಿಕೊಳ್ಳುತ್ತಾನೆ. ಇಲ್ಲಿ ಯಾರೂ ಸುಳ್ಳು ಹೇಳಿದ್ದಲ್ಲ. ಆ ಒಂದು ಸಾಲನ್ನು ಪರೀಕ್ಷಿಸುವ ಬಗೆ ಟೆಂಡರ್ ದಾಖಲೆಯಲ್ಲಿ ಇರಲೇ ಇಲ್ಲ, ಅಷ್ಟೆ. ಜಾಲತಾಣದ ಸುಗಮ್ಯತೆ, ಅಂದರೆ ವಿಕಲಚೇತನರೂ ಅದನ್ನು ತಾವೇ ಬಳಸುವಂತಿರುವುದು, ತೀರ್ಮಾನವಾಗುವುದು ವಿನ್ಯಾಸಕಾರನ ಕಂಪ್ಯೂಟರಿನಲ್ಲಿ ಅಲ್ಲ, ಕೆಲಸದ ವ್ಯಾಪ್ತಿಯನ್ನು ಬರೆಯುವ ಮತ್ತು ಬಿಲ್ಲಿಗೆ ಸಹಿ ಹಾಕುವ ಮೇಜಿನ ಮೇಲೆ ಎಂಬುದು ಹಲವು ವರ್ಷ ಇಂಥ ಕಡತಗಳ ಜೊತೆ ಏಗಿದ ಮೇಲೆ ನನಗೆ ಮನವರಿಕೆಯಾದ ಸಂಗತಿ. ಕರ್ನಾಟಕದ ಇಲಾಖೆ, ನಿಗಮ, ಮಂಡಳಿಗಳಲ್ಲಿ ಜಾಲತಾಣದ ಹೊಣೆ ಹೊತ್ತಿರುವ ನೋಡಲ್ ಅಧಿಕಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲನೆಯ ಹೆಜ್ಜೆ: ನಿಮ್ಮ ತಾಣವನ್ನು ನೀವೇ ಒಂದು ದಿನ ಬಳಸಿ

ಟೆಂಡರ್ ಬರೆಯುವ ಮೊದಲು ಕಂಪ್ಯೂಟರಿನ ಮೌಸನ್ನು ಕಳಚಿ ಪಕ್ಕಕ್ಕಿಡಿ. ಟ್ಯಾಬ್, ಎಂಟರ್ ಮತ್ತು ಬಾಣದ ಕೀಲಿಗಳಷ್ಟನ್ನೇ ಬಳಸಿ ನಿಮ್ಮ ಇಲಾಖೆಯ ಮುಖ್ಯ ಸೇವೆಯೊಂದಕ್ಕೆ ಅರ್ಜಿ ಸಲ್ಲಿಸಲು ಪ್ರಯತ್ನಿಸಿ. ನೀವು ಈಗ ಪುಟದ ಯಾವ ಜಾಗದಲ್ಲಿದ್ದೀರಿ ಎಂಬುದನ್ನು ತೋರಿಸುವ ಗೆರೆಯೇ ಕಾಣದಿದ್ದರೆ, ಮೆನು ತೆರೆಯದಿದ್ದರೆ, ತೆರೆದ ಕಿಟಕಿಯಿಂದ ಹೊರಬರಲಾಗದಿದ್ದರೆ, ಅದನ್ನು ಗುರುತು ಹಾಕಿಕೊಳ್ಳಿ. ಕೈ ನಡುಗುವವರು, ಬೆರಳುಗಳ ಹಿಡಿತ ಕಳೆದುಕೊಂಡವರು, ಒಂದೆರಡು ಗುಂಡಿಗಳಿಂದಲೇ ಕಂಪ್ಯೂಟರ್ ನಡೆಸುವ ಸ್ವಿಚ್ ಸಾಧನ ಬಳಸುವವರು ದಿನವೂ ಎದುರಿಸುವ ಗೋಡೆ ಅದು.

ಆಮೇಲೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವನ್ನು, ಇಳಿಸಿಕೊಳ್ಳಿ. ಆಸ್ಟ್ರೇಲಿಯಾದ ಇಬ್ಬರು ಅಂಧ ಪ್ರೋಗ್ರಾಮರ್‌ಗಳು ಆರಂಭಿಸಿದ ಈ ತಂತ್ರಾಂಶ ಉಚಿತ, ಮುಕ್ತ ಆಕರದ್ದು, ಅದರೊಂದಿಗೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಉಚ್ಚಾರಣೆ ಯಂತ್ರದ್ದೇ, ಆದರೂ ಅರ್ಥವಾಗುತ್ತದೆ. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ, ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರನ್ನು ನಮ್ಮದೇ ಸಹಾಯಧನದ ಅರ್ಜಿಯ ಮುಂದೆ ಕೂರಿಸಿ ಧ್ವನಿಯನ್ನು ಸ್ಪೀಕರಿಗೆ ಹಾಕಿದೆವು. ‘ಎಡಿಟ್, ಬ್ಲ್ಯಾಂಕ್’ ಎಂದಿತು. ಅವರು ಟ್ಯಾಬ್ ಒತ್ತಿದರು. ಮತ್ತೆ ‘ಎಡಿಟ್, ಬ್ಲ್ಯಾಂಕ್’. ಹೆಸರೋ, ತಂದೆಯ ಹೆಸರೋ, ಪಿನ್‌ಕೋಡೋ ಎಂದು ಹೇಳುವ ಲೇಬಲ್ ಯಾವ ಖಾನೆಗೂ ಜೋಡಣೆಯಾಗಿರಲಿಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಹುಟ್ಟಿದ ದಿನಾಂಕದ ಖಾನೆಯಲ್ಲಿ ಟೈಪ್ ಮಾಡಲು ಅವಕಾಶವಿರಲಿಲ್ಲ, ಕ್ಯಾಲೆಂಡರಿನಲ್ಲಿ ತಿಂಗಳು ತಿಂಗಳಾಗಿ ಹಿಂದಕ್ಕೆ ಹೋಗಬೇಕಿತ್ತು. ಮೂವತ್ತೆಂಟು ವರ್ಷದ ಮನುಷ್ಯ ತನ್ನ ಹುಟ್ಟಿದ ತಿಂಗಳನ್ನು ತಲುಪಲು ನಾನೂರಐವತ್ತಕ್ಕೂ ಹೆಚ್ಚು ಬಾರಿ ಒತ್ತಬೇಕಾಗುತ್ತದೆ. ಅವರು ಅಷ್ಟು ದೂರ ಹೋಗುವ ಮೊದಲೇ ಸೆಷನ್ ಮುಗಿದು ಪುಟ ಲಾಗಿನ್‌ಗೆ ಮರಳಿತು. ಆ ಇಪ್ಪತ್ತು ನಿಮಿಷ ನಮ್ಮ ಮೇಲಧಿಕಾರಿಗಳಿಗೆ ತಿಳಿಸಿಕೊಟ್ಟದ್ದನ್ನು ಯಾವ ವರದಿಯೂ ತಿಳಿಸಿಕೊಟ್ಟಿರಲಿಲ್ಲ.

ಇದೇ ದಿನ ಮಾಡಬೇಕಾದ ಇನ್ನೊಂದು ಕೆಲಸವೆಂದರೆ ಪಿಡಿಎಫ್‌ಗಳ ಲೆಕ್ಕ. ಆದೇಶ, ಸುತ್ತೋಲೆ, ಅರ್ಜಿ ನಮೂನೆಗಳಲ್ಲಿ ಸ್ಕ್ಯಾನ್ ಮಾಡಿದವು ಎಷ್ಟು, ಯೂನಿಕೋಡ್ (ಯಾವ ಕಂಪ್ಯೂಟರಿಗೂ ಕನ್ನಡವೆಂದೇ ಅರ್ಥವಾಗುವ ಅಕ್ಷರ ಸಂಕೇತ) ಪಠ್ಯ ಇರುವವು ಎಷ್ಟು, ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಗಳಲ್ಲಿ ಇರುವವು ಎಷ್ಟು ಎಂದು ಬೇರ್ಪಡಿಸಿ ಬರೆದಿಡಿ. ಕರ್ನಾಟಕದ ಸರ್ಕಾರಿ ತಾಣಗಳಲ್ಲಿ ಕಾಣುವ ದೊಡ್ಡ ತೊಡಕು ಇಲ್ಲಿದೆ. ಹಳೆಯ ನುಡಿ ಅಕ್ಷರದಲ್ಲಿ ‘ಕನ್ನಡ’ ಎಂದು ಕಾಣುವ ಪದ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಅದು ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೆರೆಯಿರುವ ‘ಎ’, ಪೌಂಡ್ ಚಿಹ್ನೆ ಮೊದಲಾದವುಗಳ ಸಾಲು. ಸ್ಕ್ರೀನ್ ರೀಡರ್ ಓದುವುದೂ ಅದನ್ನೇ. ಹೀಗೆ ಹೊರಗಿನಿಂದ ಅಚ್ಚ ಕನ್ನಡದಲ್ಲಿರುವ ಆದೇಶವೊಂದು ಕೇಳುವವರಿಗೆ ಗೊಣಗಾಟವಾಗುತ್ತದೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ.

ಎರಡನೆಯ ಹೆಜ್ಜೆ: ಕಡತದ ಟಿಪ್ಪಣಿಗೆ ಬೇಕಾದ ಕಾನೂನಿನ ಆಧಾರ

ಹಣಕಾಸು ಶಾಖೆಯಿಂದ ‘ಇದು ಅಗತ್ಯವೇ?’ ಎಂಬ ಷರಾ ಬರುವುದು ಖಚಿತವಾದ್ದರಿಂದ ಉತ್ತರವನ್ನು ಮೊದಲೇ ಬರೆದಿಡುವುದು ಜಾಣತನ. ವಿಕಲಚೇತನರ ಹಕ್ಕುಗಳ ಕಾಯ್ದೆ 2016, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 40 ಮತ್ತು 42ನೇ ಕಲಮುಗಳು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಸುಗಮ್ಯತೆಯನ್ನು ಕುರಿತಾದರೆ, 46ನೇ ಕಲಮು ಸರ್ಕಾರಿ, ಖಾಸಗಿ ಎನ್ನದೆ ಸೇವೆ ನೀಡುವವರೆಲ್ಲರಿಗೂ ಎರಡು ವರ್ಷಗಳ ಗಡುವು ಹಾಕಿತ್ತು. ಆ ಗಡುವು ಎಂದೋ ಮುಗಿದಿದೆ. ಉಲ್ಲಂಘನೆಗೆ 89ನೇ ಕಲಮಿನಡಿ ಮೊದಲ ಬಾರಿಗೆ 10 ಸಾವಿರ ರೂಪಾಯಿವರೆಗೆ, ಮುಂದಿನ ಬಾರಿಗೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವಿದೆ. ರಾಜೀವ್ ರತೂರಿ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯ ಮಟ್ಟದಲ್ಲಿ ಇರಿಸಿದ್ದ, ಈ ಕಾಯ್ದೆಯಡಿ ರಚಿಸಿದ ನಿಯಮಗಳಲ್ಲಿನ 15ನೇ ನಿಯಮದ 1ನೇ ಉಪನಿಯಮ ಮೂಲ ಕಾಯ್ದೆಗೇ ವಿರುದ್ಧವೆಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2025ರ ಏಪ್ರಿಲ್ 30ರಂದು ಬಂದ ಇನ್ನೊಂದು ತೀರ್ಪು, ಇ-ಕೆವೈಸಿ (ಆನ್‌ಲೈನ್ ಗುರುತು ಪರಿಶೀಲನೆ) ವೇಳೆ ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರ ಮತ್ತು ಅಂಧರ ಅರ್ಜಿಗಳ ಮೇಲೆ, ಡಿಜಿಟಲ್ ಸೌಲಭ್ಯದ ಹಕ್ಕನ್ನು ಸಂವಿಧಾನದ 21ನೇ ವಿಧಿಯ ಭಾಗವೆಂದೇ ಗುರುತಿಸಿತು. 2011ರ ಜನಗಣತಿಯಂತೆ ರಾಜ್ಯದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು ಎಂಬ ಅಂಕಿಯನ್ನೂ ಸೇರಿಸಿದರೆ ಟಿಪ್ಪಣಿ ಪೂರ್ಣವಾಗುತ್ತದೆ.

ತಾಂತ್ರಿಕ ಮಾನದಂಡಗಳ ವಿಷಯದಲ್ಲಿ ಗೊಂದಲ ಬೇಡ. ಡಬ್ಲ್ಯುಸಿಎಜಿ ಜಾಗತಿಕ ಮಾನದಂಡ, ಅದರ 2.1ನೇ ಆವೃತ್ತಿಯಲ್ಲಿ ಎ (ಕನಿಷ್ಠ) ಮತ್ತು ಎಎ (ಅದಕ್ಕಿಂತ ಮೇಲಿನ) ಮಟ್ಟಗಳ ಒಟ್ಟು 50 ಅಂಶಗಳಿವೆ. ಭಾರತ ಸರ್ಕಾರದ ಜಿಐಜಿಡಬ್ಲ್ಯು 3.0 ಇದೇ ಎಎ ಮಟ್ಟವನ್ನು ಆಧರಿಸಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಜಾಲತಾಣಗಳ ಜೊತೆಗೆ ಮೊಬೈಲ್ ಆ್ಯಪ್, ದಾಖಲೆ, ಯಂತ್ರೋಪಕರಣಗಳನ್ನೂ ಒಳಗೊಳ್ಳುತ್ತದೆ. ಟೆಂಡರಿನಲ್ಲಿ ಮೂರನ್ನೂ ಆವೃತ್ತಿ ಸಂಖ್ಯೆಯ ಸಮೇತ ಹೆಸರಿಸಿ.

ಮೂರನೆಯ ಹೆಜ್ಜೆ: ಯಾರು ಬೇಕು, ಯಾವ ದಾರಿಯಲ್ಲಿ

ಎಲ್ಲರಿಗೂ ಹೊಸ ವಿನ್ಯಾಸಕಾರರೇ ಬೇಕೆಂದಿಲ್ಲ. ನಿಮ್ಮದು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಎಸ್‌3ವಾಸ್‌ನಂಥ ಸಿದ್ಧ ವೇದಿಕೆಯ ಮೇಲಿರುವ ಜಿಲ್ಲಾ ತಾಣವಾದರೆ ಚೌಕಟ್ಟು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಕೊರತೆ ಇರುವುದು ಒಳಗೆ ತುಂಬಿದ ಚಿತ್ರ, ಕೋಷ್ಟಕ ಮತ್ತು ಪಿಡಿಎಫ್‌ಗಳಲ್ಲಿ. ಅಂಥಲ್ಲಿ ವಿನ್ಯಾಸಕ್ಕೆ ಹಣ ಸುರಿಯುವ ಬದಲು ದಾಖಲೆಗಳನ್ನು ಪರಿವರ್ತಿಸುವ ಮತ್ತು ಸಿಬ್ಬಂದಿಗೆ ತರಬೇತಿ ನೀಡುವ ಕೆಲಸಕ್ಕೆ ಟೆಂಡರ್ ಕರೆಯಿರಿ. ಆನ್‌ಲೈನ್ ಅರ್ಜಿ, ಪಾವತಿ, ಲಾಗಿನ್ ಇರುವ ಸ್ವಂತ ತಾಣವಾದರೆ ಮಾತ್ರ ವಿನ್ಯಾಸಕಾರ, ಡೆವಲಪರ್ ಮತ್ತು ಸುಗಮ್ಯತಾ ಪರೀಕ್ಷಕ ಮೂವರೂ ಇರುವ ತಂಡ ಬೇಕು.

ರಾಜ್ಯದ ಸರ್ಕಾರಿ ಖರೀದಿಗೆ ಅನ್ವಯಿಸುವ ಕೆಟಿಪಿಪಿ ಕಾಯ್ದೆಯಡಿ ಟೆಂಡರ್ ಕರೆಯುವಾಗ ಎಲ್1 ಪದ್ಧತಿಗೆ, ಅಂದರೆ ಕಡಿಮೆ ದರ ನಮೂದಿಸಿದವರಿಗೆ ಕೆಲಸ ಕೊಡುವ ಪದ್ಧತಿಗೆ, ಕಟ್ಟುಬೀಳುವುದು ಈ ಬಗೆಯ ಕೆಲಸಕ್ಕೆ ಒಗ್ಗುವುದಿಲ್ಲ. ಪೀಠೋಪಕರಣ ಕೊಳ್ಳುವಾಗ ಅದು ಸರಿ, ಏಕೆಂದರೆ ಕುರ್ಚಿಯನ್ನು ಕೂತು ನೋಡಬಹುದು. ಗುಣಮಟ್ಟ ಮತ್ತು ವೆಚ್ಚ ಎರಡಕ್ಕೂ ಅಂಕ ನೀಡುವ ಕ್ಯುಸಿಬಿಎಸ್ ವಿಧಾನಕ್ಕೆ ಅನುಮೋದನೆ ಪಡೆದು, ತಾಂತ್ರಿಕ ಅಂಕಗಳಲ್ಲಿ ದೊಡ್ಡ ಪಾಲನ್ನು ಸುಗಮ್ಯತೆಗೇ ಮೀಸಲಿಡಿ. ಲೆಕ್ಕಪರಿಶೋಧಕರಿಗೂ ಅರ್ಥವಾಗುವಂತೆ ಪ್ರತಿ ಅಂಕಕ್ಕೂ ಅಳೆಯಬಹುದಾದ ಆಧಾರ ಕೊಡಿ.

ನಾಲ್ಕನೆಯ ಹೆಜ್ಜೆ: ಕೆಲಸದ ವ್ಯಾಪ್ತಿಯನ್ನು ಬರೆಯುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ‘ಸುಗಮ್ಯವಾಗಿರತಕ್ಕದ್ದು’ ಎಂದು ಬರೆಯಬೇಡಿ; ಯಾರು, ಯಾವ ಸಾಧನದಿಂದ, ಯಾವ ಕೆಲಸವನ್ನು ಮುಗಿಸಬೇಕು ಎಂದು ಬರೆಯಿರಿ. ಉದಾಹರಣೆಗೆ: ‘ಎನ್‌ವಿಡಿಎ ಮತ್ತು ಕ್ರೋಮ್ ಬಳಸುವ ಅಂಧ ಅರ್ಜಿದಾರರು ಕನ್ನಡ ಆವೃತ್ತಿಯಲ್ಲಿ ನೋಂದಣಿ, ಅರ್ಜಿ ಭರ್ತಿ, ದಾಖಲೆ ಲಗತ್ತು, ಪಾವತಿ ಮತ್ತು ಸ್ವೀಕೃತಿ ಮುದ್ರಣವನ್ನು ಇನ್ನೊಬ್ಬರ ನೆರವಿಲ್ಲದೆ ಪೂರೈಸುವಂತಿರಬೇಕು.’ ಇದೇ ಮಾದರಿಯಲ್ಲಿ ಆ್ಯಂಡ್ರಾಯ್ಡ್ ಮೊಬೈಲಿನ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಬಳಸುವವರಿಗೆ, ಕೀಬೋರ್ಡ್ ಮಾತ್ರ ಬಳಸುವವರಿಗೆ, ಪರದೆಯನ್ನು ಹಿಗ್ಗಿಸಿ ನೋಡುವ ಮಂದದೃಷ್ಟಿಯವರಿಗೆ, ಕಿವುಡರಿಗೆ ಒಂದೊಂದು ವಾಕ್ಯ ಬರಲಿ. ಕನ್ನಡ ಆವೃತ್ತಿ ಎಂಬ ಮಾತನ್ನು ಬಿಡಲೇಬೇಡಿ. ಇಂಗ್ಲಿಷ್ ಪುಟವನ್ನು ಸರಿಪಡಿಸಿ ಕನ್ನಡದ್ದನ್ನು ಹಾಗೇ ಬಿಟ್ಟು ಬಿಲ್ ಕಳಿಸಿದ ಉದಾಹರಣೆಗಳನ್ನು ನಾನೇ ಕಂಡಿದ್ದೇನೆ.

ಕೆಲವು ಸಂಗತಿಗಳನ್ನು ಬಿಡಿಸಿ ಹೇಳಲೇಬೇಕಾಗುತ್ತದೆ. ಪಠ್ಯವೆಲ್ಲ ಯೂನಿಕೋಡಿನಲ್ಲಿರಬೇಕು. ಪುಟದ ಕೋಡ್‌ನಲ್ಲಿ ಭಾಷೆ ಕನ್ನಡವೆಂದು ಗುರುತು ಹಾಕಿರಬೇಕು, ನಡುವೆ ಬರುವ ಇಂಗ್ಲಿಷ್ ಭಾಗಕ್ಕೆ ಪ್ರತ್ಯೇಕ ಗುರುತು ಇರಬೇಕು. ಇಲ್ಲವಾದರೆ ಇಂಗ್ಲಿಷ್ ಧ್ವನಿ ಕನ್ನಡ ಅಕ್ಷರಗಳನ್ನು ನುಂಗಿಬಿಡಬಹುದು. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಬಣ್ಣದ ಅಂತರ ಬೇಕು. ನಮ್ಮ ನಾಡಧ್ವಜದ ಬಣ್ಣಗಳೆಂದು ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪಿನಲ್ಲಿ ಬರೆಯುವ ಆಸೆ ಅನೇಕರಿಗಿದೆ. ಆ ಜೋಡಿಯ ಅಂತರ ಸುಮಾರು 3.7:1 ಮಾತ್ರ. ತಲೆಬರಹಕ್ಕೆ ನಡೆಯುತ್ತದೆ, ಸಣ್ಣ ಅಕ್ಷರಕ್ಕೆ ಸಾಲದು. ಕೆಂಪನ್ನು ಗಾಢಗೊಳಿಸಿದರೆ ಅಭಿಮಾನವೂ ಉಳಿಯುತ್ತದೆ, ಓದಲೂ ಆಗುತ್ತದೆ. ಅಕ್ಷರವನ್ನು ಶೇ 200ಕ್ಕೆ ಹಿಗ್ಗಿಸಿದಾಗ ಗುಂಡಿಗಳೊಳಗಿನ ಒತ್ತಕ್ಷರಗಳು ಕತ್ತರಿಸಿಹೋಗಬಾರದು ಎಂಬುದನ್ನೂ ಸೇರಿಸಿ. ಇಂಗ್ಲಿಷಿನ ಅಳತೆಗೆ ಹೊಲಿದ ಗುಂಡಿಯಲ್ಲಿ ‘ಸಲ್ಲಿಸಿ’ ಎಂಬ ಪದದ ಕೆಳಗಿನ ‘ಲ’ ಮೊದಲು ಮಾಯವಾಗುತ್ತದೆ.

ಓರೆಕೋರೆ ಅಕ್ಷರಗಳನ್ನು ಗುರುತಿಸಿ ಬರೆಯಿರಿ ಎನ್ನುವ ಚಿತ್ರದ ಕ್ಯಾಪ್ಚಾ ಇರಬಾರದು. ಇರಲೇಬೇಕೆಂದು ಭದ್ರತಾ ಶಾಖೆ ಹಟ ಹಿಡಿದರೆ ಒಟಿಪಿಯಂಥ ಪರ್ಯಾಯವನ್ನು ಕಡ್ಡಾಯಗೊಳಿಸಿ. ಸೆಷನ್ ಮುಗಿಯುವ ಮುನ್ನ ಎಚ್ಚರಿಕೆ ನೀಡಿ ಸಮಯ ವಿಸ್ತರಿಸುವ ಅವಕಾಶ ಇರಬೇಕು. ಓಡುವ ಸಾಲುಗಳು, ನಮ್ಮ ಸರ್ಕಾರಿ ತಾಣಗಳ ನೆಚ್ಚಿನ ಅಲಂಕಾರ, ನಿಲ್ಲಿಸುವ ಗುಂಡಿಯಿಲ್ಲದೆ ಓಡಬಾರದು, ಓಡದಿದ್ದರೇ ಒಳಿತು. ವಿಡಿಯೊಗಳಿಗೆ ಕನ್ನಡ ಅಡಿಬರಹ ಬೇಕು. ಸಂಕೇತ ಭಾಷೆಯ ವ್ಯಾಖ್ಯಾನವು ಎಎ ಮಟ್ಟದಲ್ಲಿ ಬರುವುದಿಲ್ಲ, ಅದು ಎಲ್ಲಕ್ಕಿಂತ ಮೇಲಿನ ಎಎಎ ಮಟ್ಟದ್ದು. ಮುಖ್ಯ ಯೋಜನೆಗಳ ವಿಡಿಯೊಗಳಿಗೆ ಭಾರತೀಯ ಸಂಕೇತ ಭಾಷೆ ಬೇಕಾದರೆ ಪ್ರತ್ಯೇಕ ಬಾಬ್ತಾಗಿಯೇ ಕೇಳಿ, ಇಲ್ಲವಾದರೆ ಯಾರೂ ಕೊಡುವುದಿಲ್ಲ. ಮೊದಲ ಹೆಜ್ಜೆಯಲ್ಲಿ ಲೆಕ್ಕ ಹಾಕಿದ ಪಿಡಿಎಫ್‌ಗಳ ಸಂಖ್ಯೆಯನ್ನು ಇಲ್ಲಿ ಹಾಕಿ, ಪ್ರತಿ ಪುಟಕ್ಕೆ ದರ ಕೇಳಿ. ಹತ್ತು ವರ್ಷದ ಹಿಂದಿನ ಸುತ್ತೋಲೆಗಳೆಲ್ಲವನ್ನೂ ಪರಿವರ್ತಿಸುವ ಹುಮ್ಮಸ್ಸು ಬೇಡ; ಈಗ ಚಾಲ್ತಿಯಲ್ಲಿರುವ ಆದೇಶಗಳು ಮತ್ತು ಅರ್ಜಿ ನಮೂನೆಗಳಿಂದ ಆರಂಭಿಸಿ, ನಮೂನೆಗಳನ್ನು ಸಾಧ್ಯವಾದಲ್ಲೆಲ್ಲ ವೆಬ್ ಪುಟಗಳನ್ನಾಗಿಯೇ ಮಾಡಿಸಿ.

ಐದನೆಯ ಹೆಜ್ಜೆ: ಬಿಡ್‌ದಾರರನ್ನು ತೂಗುವುದು

ಪವರ್‌ಪಾಯಿಂಟ್ ನೋಡಿ ಅಂಕ ಕೊಡುವ ರೂಢಿ ಈ ಒಂದು ಕೆಲಸದಲ್ಲಾದರೂ ನಿಲ್ಲಲಿ. ಬಿಡ್‌ದಾರರು ಹಿಂದೆ ಕಟ್ಟಿದ, ಈಗಲೂ ಬಳಕೆಯಲ್ಲಿರುವ ಎರಡು ತಾಣಗಳ ವಿಳಾಸ ಕೇಳಿ, ಅವುಗಳ ಮೇಲೆ ಮೌಸಿಲ್ಲದ ಪರೀಕ್ಷೆಯನ್ನು ನೀವೇ ನಡೆಸಿ. ತಾಂತ್ರಿಕ ಪ್ರಸ್ತುತಿಯ ದಿನ ನಿಮ್ಮ ಹಳೆಯ ತಾಣದ ಒಂದು ಪುಟವನ್ನು ತೆರೆದಿಟ್ಟು, ಅರ್ಧ ಗಂಟೆಯಲ್ಲಿ ದೋಷಗಳನ್ನು ಪಟ್ಟಿ ಮಾಡಲು ಹೇಳಿ. ಈ ಅಭ್ಯಾಸ ಎಲ್ಲರಿಗೂ ಒಂದೇ ಪುಟದ ಮೇಲೆ ನಡೆಯುತ್ತದೆಂದು ಟೆಂಡರಿನಲ್ಲಿ ಮೊದಲೇ ಪ್ರಕಟಿಸಿರಬೇಕು. ಬಲ್ಲವರು ತಕ್ಷಣ ಟ್ಯಾಬ್ ಕೀಲಿಗೆ ಕೈ ಹಾಕುತ್ತಾರೆ, ಸ್ಕ್ರೀನ್ ರೀಡರಿನಲ್ಲಿ ಎಚ್ ಕೀಲಿ ಒತ್ತಿ ಶೀರ್ಷಿಕೆಗಳ ಸರಣಿ ಸರಿಯಿದೆಯೇ ನೋಡುತ್ತಾರೆ. ಅಲ್ಲದವರು ಆ್ಯಕ್ಸ್, ವೇವ್, ಲೈಟ್‌ಹೌಸ್‌ನಂಥ ಸ್ವಯಂಚಾಲಿತ ಸಾಧನ ಓಡಿಸಿ ನೂರಕ್ಕೆ ತೊಂಬತ್ತೆಂಟು ಬಂತೆಂದು ಬೀಗುತ್ತಾರೆ. ಆ ಸಾಧನಗಳು ಬೇಕು, ಆದರೆ ಚಿತ್ರಕ್ಕೆ ವಿವರಣೆ ಇದೆಯೇ ಎಂಬುದನ್ನು ಅವು ಹೇಳಬಲ್ಲವೇ ಹೊರತು ಆ ವಿವರಣೆ ‘ಚಿತ್ರ 3’ ಎಂದಿದ್ದರೆ ಅದು ನಿಷ್ಪ್ರಯೋಜಕ ಎಂದು ಹೇಳಲಾರವು.

ತಂಡದಲ್ಲಿ ಸಂಬಳ ಪಡೆಯುವ ವಿಕಲಚೇತನ ಪರೀಕ್ಷಕರಿದ್ದರೆ ಹೆಚ್ಚಿನ ಅಂಕ ನೀಡಿ. ಸುಗಮ್ಯತಾ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಐಎಎಪಿಯ ಪ್ರಮಾಣಪತ್ರ ಉಳ್ಳವರಿಗೂ ಅಂಕವಿರಲಿ, ಆದರೆ ಅದೊಂದನ್ನೇ ಅರ್ಹತೆಯ ಬಾಗಿಲಾಗಿಸಿದರೆ ಚಿಕ್ಕ, ಸಮರ್ಥ ತಂಡಗಳು ಹೊರಗುಳಿಯುತ್ತವೆ.

ಇನ್ನೊಂದು ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯದೋ ಮನುಷ್ಯನದೋ ಚಿಹ್ನೆ ಕೂರಿಸಿ, ಒಂದೇ ಸಾಲಿನ ಕೋಡ್‌ನಿಂದ ತಾಣ ಪೂರ್ತಿ ಸುಗಮ್ಯವಾಗುತ್ತದೆ ಎಂದು ಮಾರುವ ವಿಜೆಟ್‌ಗಳಿವೆ. ಲೇಬಲ್ ಇಲ್ಲದ ಖಾನೆಗೆ ಅದು ಏನಿರಬಹುದೆಂದು ಊಹಿಸಿ ಹೆಸರಿಡುವುದು, ಕೆಲವೊಮ್ಮೆ ಬಳಕೆದಾರರ ಸ್ವಂತ ಸ್ಕ್ರೀನ್ ರೀಡರಿಗೇ ಅಡ್ಡ ಬರುವುದು, ಇವು ಅವುಗಳ ಕೆಲಸ. ಇಂಥ ಭರವಸೆ ನೀಡಿದ ಕಂಪನಿಯೊಂದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ 10 ಲಕ್ಷ ಡಾಲರ್ ತೆರುವಂತೆ ಮಾಡಿತು. ವಿಜೆಟ್ ಇದ್ದರೂ ಇಲ್ಲದಿದ್ದರೂ ತಾಣದ ಮೂಲ ಕೋಡ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬ ಷರತ್ತು ಹಾಕಿದರೆ ಸಾಕು.

ಆರನೆಯ ಹೆಜ್ಜೆ: ಕೆಲಸ ನಡೆಯುವಾಗ

ಬಣ್ಣ, ಅಕ್ಷರ, ಗುಂಡಿಗಳ ವಿನ್ಯಾಸವನ್ನು ಕೋಡ್ ಬರೆಯುವ ಮುನ್ನವೇ ಪರಿಶೀಲಿಸಿ ಒಪ್ಪಿಗೆ ಕೊಡಿ. ಆಮೇಲೆ ಇಡೀ ತಾಣಕ್ಕಾಗಿ ಕಾಯದೆ ಒಂದು ಅರ್ಜಿಯನ್ನು ಪೂರ್ತಿ ಮಾಡಿಸಿ, ಅದನ್ನೇ ಹಿಂಡಿ ನೋಡಿ. ಒಂದರಲ್ಲಿ ದಿನಾಂಕದ ಖಾನೆ ಸರಿಯಾದರೆ ಮಿಕ್ಕ ಮೂವತ್ತರಲ್ಲೂ ಅದೇ ಬಳಕೆಯಾಗುತ್ತದೆ. ಪಾವತಿ ಪುಟ, ನಕ್ಷೆ, ಚಾಟ್ ಇಂಥವು ಹೊರಗಿನವರವು, ತಮ್ಮ ಹೊಣೆಯಲ್ಲ ಎಂಬ ಮಾತು ಈ ಹಂತದಲ್ಲೇ ಬರುತ್ತದೆ. ಪರ್ಯಾಯ ದಾರಿ ಒದಗಿಸುವ ಹೊಣೆ ಗುತ್ತಿಗೆದಾರರದ್ದೇ ಎಂದು ಒಪ್ಪಂದದಲ್ಲಿ ಇದ್ದರೆ ವಾದ ಅಲ್ಲಿಗೇ ಮುಗಿಯುತ್ತದೆ.

ಇದೇ ಸಮಯದಲ್ಲಿ ಇಲಾಖೆ ತನ್ನ ಪಾಲಿನ ಕೆಲಸ ಮಾಡಬೇಕು. ‘ಸದರಿ ಅರ್ಜಿಯೊಂದಿಗೆ ಮೇಲ್ಕಂಡ ದಾಖಲಾತಿಗಳನ್ನು ಲಗತ್ತಿಸತಕ್ಕದ್ದು’ ಎಂಬ ಭಾಷೆಯನ್ನು ಯಾವ ವಿನ್ಯಾಸಕಾರರೂ ಸುಗಮಗೊಳಿಸಲಾರರು. ‘ಈ ಅರ್ಜಿಯ ಜೊತೆ ಆಧಾರ್ ಮತ್ತು ಆದಾಯ ಪ್ರಮಾಣಪತ್ರ ಸೇರಿಸಿ’ ಎಂದರೆ ಬೌದ್ಧಿಕ ವೈಕಲ್ಯ ಇರುವವರಿಗೂ, ಅವರ ಮನೆಯವರಿಗೂ, ಗುಮಾಸ್ತರಿಗೂ ಅರ್ಥವಾಗುತ್ತದೆ.

ಏಳನೆಯ ಹೆಜ್ಜೆ: ಸ್ವೀಕಾರ ಪರೀಕ್ಷೆ ಮತ್ತು ಹಣ ಬಿಡುಗಡೆ

ಒಟ್ಟು ಮೊತ್ತದ ಕನಿಷ್ಠ ಮೂರನೇ ಒಂದು ಭಾಗವನ್ನು ಈ ಪರೀಕ್ಷೆಗೆ ಕಟ್ಟಿಹಾಕಿ ಎಂಬುದು ನನ್ನ ಸಲಹೆ. ಶೇ 10ರಷ್ಟನ್ನು ಮಾತ್ರ ತಡೆದಿಟ್ಟರೆ ಅದನ್ನು ಬಿಟ್ಟುಕೊಟ್ಟು ಹೊರಟುಹೋಗುವುದೇ ಗುತ್ತಿಗೆದಾರರಿಗೆ ಲಾಭವಾಗಿ ಕಾಣಬಹುದು.

ಆರೆಂಟು ಬಳಕೆದಾರರು ಸಾಕು: ಅಂಧರು, ಮಂದದೃಷ್ಟಿಯವರು, ಕಿವುಡರು, ಕೈಗಳ ಚಲನೆಯ ತೊಂದರೆ ಇರುವವರು, ಕಲಿಕೆಯ ತೊಂದರೆ ಇರುವವರು. ಅವರಲ್ಲಿ ಅರ್ಧದಷ್ಟಾದರೂ ಬೆಂಗಳೂರಿನ ಹೊರಗಿನವರು, ಸಾಧಾರಣ ಆ್ಯಂಡ್ರಾಯ್ಡ್ ಫೋನ್ ಬಳಸುವವರು ಆಗಿರಲಿ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಮೂಲಕವೋ ವಿಕಲಚೇತನರದೇ ಸಂಘಗಳ ಮೂಲಕವೋ ಆಹ್ವಾನಿಸಿ, ಪ್ರಯಾಣದ ವೆಚ್ಚವನ್ನೂ ದಿನದ ಗೌರವಧನವನ್ನೂ ಟೆಂಡರ್ ಅಂದಾಜಿನಲ್ಲೇ ಸೇರಿಸಿಟ್ಟಿರಬೇಕು. ಸೇವೆಯೆಂಬ ಹೆಸರಿನಲ್ಲಿ ಅವರ ದಿನವನ್ನು ಪುಕ್ಕಟೆ ಪಡೆಯುವುದು ತಕ್ಕದ್ದಲ್ಲ. ಪರೀಕ್ಷೆಯ ಕೋಣೆಯಲ್ಲಿ ಯಾರೂ ಬಾಯಿ ಬಿಡಬಾರದು. ‘ಸರ್, ಸ್ವಲ್ಪ ಕೆಳಗೆ ಬನ್ನಿ’ ಎಂದು ಡೆವಲಪರ್ ಒಮ್ಮೆ ಹೇಳಿದರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ವ್ಯಾಪ್ತಿಯಲ್ಲಿ ಬರೆದ ಕೆಲಸವನ್ನು ಅವರು ಮುಗಿಸಿದರೇ ಇಲ್ಲವೇ, ಎಲ್ಲಿ ಸಿಕ್ಕಿಕೊಂಡರು ಎಂಬಷ್ಟನ್ನೇ ಬರೆದುಕೊಳ್ಳಿ. ಮುಗಿಸಲಾಗದ ಕೆಲಸ ಒಂದಿದ್ದರೂ ತಿದ್ದಿ, ಮರುಪರೀಕ್ಷೆ ನಡೆಸಿ, ಆಮೇಲೆ ಹಣ.

ಇದರ ಜೊತೆಗೆ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಾದ ಎಸ್‌ಟಿಕ್ಯುಸಿಯಿಂದಲೋ ಬೇರೆ ಸ್ವತಂತ್ರ ಪರಿಶೋಧಕರಿಂದಲೋ ತಾಂತ್ರಿಕ ಪರೀಕ್ಷೆಯೂ ಆಗಬೇಕು. ಪರಿಶೋಧಕರ ಶುಲ್ಕವನ್ನು ಇಲಾಖೆಯೇ ನೇರವಾಗಿ ಪಾವತಿಸಲಿ. ಗುತ್ತಿಗೆದಾರರೇ ನೇಮಿಸಿಕೊಂಡ ಪರಿಶೋಧಕರ ವರದಿಗೆ ಎಷ್ಟು ಬೆಲೆ ಎಂಬುದನ್ನು ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಿಲ್ಲ.

ಎಂಟನೆಯ ಹೆಜ್ಜೆ: ತಾಣ ಕೈಗೆ ಬಂದ ಮೇಲೆ

ಸರಿಯಾಗಿ ಕಟ್ಟಿದ ತಾಣ ಕೆಡುವುದು ಸಾಮಾನ್ಯವಾಗಿ ಅದಕ್ಕೆ ದಿನವೂ ಏರಿಸುವ ಕಡತಗಳಿಂದ. ಡಿಟಿಪಿ ಆಪರೇಟರ್ ನುಡಿಯಲ್ಲಿ ಟೈಪ್ ಮಾಡುತ್ತಾರೆ, ಸಾಹೇಬರು ಮುದ್ರಿತ ಪ್ರತಿಗೆ ಸಹಿ ಹಾಕುತ್ತಾರೆ, ಯಾರೋ ಅದನ್ನು ಓರೆಯಾಗಿ ಸ್ಕ್ಯಾನ್ ಮಾಡಿ ‘ನ್ಯೂ ಫೈನಲ್ 2’ ಎಂಬ ಹೆಸರಿನಲ್ಲಿ ಏರಿಸುತ್ತಾರೆ. ಸಹಿಯ ಪ್ರತಿ ಇರಲಿ, ಅದರ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಹಾಕದೆ ಯಾವ ಆದೇಶವೂ ತಾಣ ಸೇರುವಂತಿಲ್ಲ ಎಂದು ಇಲಾಖೆಯ ಮುಖ್ಯಸ್ಥರ ಸಹಿಯಲ್ಲಿ ಒಂದು ಆಂತರಿಕ ಸುತ್ತೋಲೆ ಹೊರಡಿಸಿ. ಚಿತ್ರದ ವಿವರಣೆ ಬರೆಯದೆ ಮುಂದಕ್ಕೆ ಹೋಗಲು ಬಿಡದಂತೆ ಸಿಎಂಎಸ್‌ನಲ್ಲೇ, ಅಂದರೆ ತಾಣಕ್ಕೆ ವಿಷಯ ಏರಿಸುವ ತಂತ್ರಾಂಶದಲ್ಲೇ, ಕಡ್ಡಾಯ ಖಾನೆ ಇರಲಿ. ಏರಿಸುವ ಸಿಬ್ಬಂದಿಗೆ ಎರಡು ದಿನದ ತರಬೇತಿ, ವರ್ಗಾವಣೆಯಾಗಿ ಹೊಸಬರು ಬಂದಾಗ ಮತ್ತೆ ತರಬೇತಿ, ಇವೆರಡನ್ನೂ ನಿರ್ವಹಣಾ ಒಪ್ಪಂದದಲ್ಲಿ ಸೇರಿಸಿ.

ಸುಗಮ್ಯತೆಯ ಹೇಳಿಕೆಯ ಪುಟದಲ್ಲಿ ಇನ್ನೂ ಸರಿಯಾಗದ ಭಾಗಗಳನ್ನು ಪ್ರಾಮಾಣಿಕವಾಗಿ ಬರೆದು, ದೂರು ನೀಡಲು ಇಮೇಲ್ ಮತ್ತು ಎಸ್ಎಂಎಸ್ ಅಥವಾ ವಾಟ್ಸ್ಆ್ಯಪ್ ಸಂಖ್ಯೆ ಕೊಡಿ. ಕರೆ ಮಾತ್ರ ಸ್ವೀಕರಿಸುವ ಸಹಾಯವಾಣಿಯಿಂದ ಕಿವುಡರಿಗೆ ಪ್ರಯೋಜನವಿಲ್ಲ. ಬಂದ ದೂರಿಗೆ ಉತ್ತರಿಸುವವರ ಹುದ್ದೆಯನ್ನು ಹೆಸರಿಸಿ, ಅವಧಿ ನಿಗದಿಪಡಿಸಿ. ಮೂರು ತಿಂಗಳಿಗೊಮ್ಮೆ ಹೊಸದಾಗಿ ಏರಿಸಿದ ಹತ್ತು ಪುಟಗಳನ್ನು ಆರಿಸಿಕೊಂಡು, ಮೊದಲ ದಿನ ಮಾಡಿದಂತೆಯೇ ಮೌಸ್ ಕಳಚಿಟ್ಟು ನೋಡಿ, ಸಿಕ್ಕ ದೋಷಗಳನ್ನು ದಿನಾಂಕದ ಸಮೇತ ಕಡತದಲ್ಲಿ ಹಾಕಿ. ನಿರ್ವಹಣಾ ಒಪ್ಪಂದ ಮುಗಿದು ಮುಂದಿನ ಟೆಂಡರ್ ಕರೆಯುವ ಹೊತ್ತಿಗೆ ನಿಮ್ಮ ಜಾಗದಲ್ಲಿ ಬೇರೊಬ್ಬರು ಇರುವ ಸಾಧ್ಯತೆಯೇ ಹೆಚ್ಚು, ಅವರು ಕೆಲಸದ ವ್ಯಾಪ್ತಿಯನ್ನು ಬರೆಯಲು ಕೂತಾಗ ಕೈಗೆ ಸಿಗಬೇಕಾದದ್ದು ಆ ಕಡತ.